ಫೋಟೋದಲ್ಲಿ ಉಪ್ಪು ಕಾಣುವುದಿಲ್ಲ

ಜ್ವರ ಬಿಟ್ಟು ಹೋಗುವಾಗ ಅತ್ತಿಗೆಯ ಮೂಗು, ನಾಲಿಗೆ ಎರಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನೆಗಡಿ ಇಳಿದರೆ ಸರಿಹೋಗುತ್ತದೆ ಎಂದು ಮೊದಮೊದಲು ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ನೆಗಡಿ ಇಳಿಯಿತು, ಬೇಸಿಗೆಯೂ ಕಳೆಯಿತು. ಈರುಳ್ಳಿ ಹುರಿದರೂ ಅಷ್ಟೆ, ಹಾಲು ಸೀದರೂ ಅಷ್ಟೆ, ಅವಳ ಪಾಲಿಗೆ ಎಲ್ಲವೂ ಬರೀ ಗಾಳಿ. ಡಾಕ್ಟರು, "ಬಂದರೂ ಬರಬಹುದು, ಕಾದು ನೋಡೋಣ" ಎಂದು ಕೈತೊಳೆದುಕೊಂಡರು.

ಬೇರೆಯವರಿಗಾಗಿದ್ದರೆ ಅದು ಅಷ್ಟು ದೊಡ್ಡ ಸಂಗತಿಯಾಗುತ್ತಿರಲಿಲ್ಲವೇನೋ. ಆದರೆ ಅತ್ತಿಗೆ ಕೈರುಚಿಗೆ ಹೆಸರಾದವಳು. ನೆಂಟರ ಪೈಕಿ ಯಾರ ಮನೆಯಲ್ಲಿ ನಾಲ್ಕು ಜನ ಸೇರುವುದಿದ್ದರೂ ಅವಳು ಹೋಗಿ ಒಲೆಯ ಮುಂದೆ ನಿಂತರೇ ಮನೆಯವರಿಗೆ ಧೈರ್ಯ. ಅವಳಿಗೂ ಅದು ಗೊತ್ತಿತ್ತು. ಗೊತ್ತಿಲ್ಲದಂತೆ ನಟಿಸುವ ಜಾಯಮಾನ ಅವಳದಲ್ಲ. "ನನ್ನ ಅಡುಗೆಗೆ ಮೇಲಿಂದ ಉಪ್ಪು ಕೇಳಿದವರನ್ನ ನಾನಿನ್ನೂ ನೋಡಿಲ್ಲ" ಎಂದು ತಾನೇ ಹೇಳಿಕೊಳ್ಳುತ್ತಿದ್ದಳು.

ಜ್ವರದ ನಂತರವೂ ಅಂದಾಜಿನ ಮೇಲೆ ಅಡುಗೆ ಮುಂದುವರಿಸಿದಳು. ಗಂಡ ಗಡಿಯಾರ ರಿಪೇರಿ ಮಾಡುವವನು, ಮಿತಭಾಷಿ. ತಟ್ಟೆಗೆ ಏನು ಬಿದ್ದರೂ "ಚೆನ್ನಾಗಿದೆ" ಎಂದು ಉಂಡು ಏಳುತ್ತಿದ್ದ. ಒಂದು ಮಧ್ಯಾಹ್ನ ಅವಳು ನೀರಿನ ಜಗ್ಗು ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಅವನು ಅಂಗಿಯ ಜೇಬಿನಿಂದ ಪುಟ್ಟ ಬಾಟಲಿ ತೆಗೆದು ತಟ್ಟೆಗೆ ಉಪ್ಪು ಉದುರಿಸಿಕೊಳ್ಳುತ್ತಿದ್ದ. ಅವಳನ್ನು ಕಂಡವನೇ ಅದನ್ನು ಜೇಬಿಗಿಳಿಸಿ, ಅದರ ಗುಂಡಿ ಹಾಕಿಕೊಂಡ. ಅವಳು ಜಗ್ಗನ್ನು ಅವನ ಮುಂದಿಟ್ಟಳು. ಮಾರನೆಯ ದಿನದಿಂದ ಒಲೆ ಹೊತ್ತಿಸುವುದನ್ನೇ ಬಿಟ್ಟಳು. ಬೀದಿಯ ತುದಿಯ ಹೋಟೆಲಿನಿಂದ ಊಟ ಬರತೊಡಗಿತು. ಗಂಡ ಅದನ್ನೂ "ಚೆನ್ನಾಗಿದೆ" ಎಂದೇ ಉಂಡ. ಅವಳಿಗೆ ಮೈ ಉರಿದುಹೋಯಿತು.

ಹೀಗಿರುವಾಗ ಒಂದು ಸಂಜೆ ನಾದಿನಿ ಬಂದಳು. ಗಂಡನ ತಂಗಿ, ವೃತ್ತಿಯಲ್ಲಿ ಫುಡ್ ಸ್ಟೈಲಿಸ್ಟ್. ಪುಸ್ತಕಕ್ಕೋ ಜಾಹೀರಾತಿಗೋ ಊಟತಿಂಡಿಯ ಫೋಟೋ ಬೇಕಾದಾಗ, ಕ್ಯಾಮೆರಾದ ಕಣ್ಣಿಗೆ ಒಪ್ಪುವಂತೆ ಅದನ್ನು ಸಿಂಗರಿಸಿ ಕೊಡುವ ಕೆಲಸ. ಅತ್ತಿಗೆ ಅದನ್ನು "ಅನ್ನಕ್ಕೆ ಪೌಡರ್ ಬಳಿಯೋ ಉದ್ಯೋಗ" ಎಂದು ಆಡಿಕೊಂಡು ನಗುತ್ತಿದ್ದ ಕಾಲವೊಂದಿತ್ತು.

ನಾದಿನಿ ಪೀಠಿಕೆ ಹಾಕಲಿಲ್ಲ. "ಮನೆ ಅಡುಗೆ ಪುಸ್ತಕ ಒಂದು ಬರ್ತಿದೆ ಅತ್ತಿಗೆ. ಅಡುಗೆ ಮಾಡಬೇಕಿದ್ದವರು ಮೆಟ್ಟಿಲ ಮೇಲೆ ಜಾರಿ ಕೈ ಮುರ್ಕೊಂಡಿದ್ದಾರೆ. ನಾಳೆಯಿಂದ ಶೂಟಿಂಗು. ನೀವು ಬರಬೇಕು."

"ನನ್ನ ನಾಲಿಗೆ ಸತ್ತಿರೋದು ನಿನಗೆ ಗೊತ್ತಿಲ್ವಾ?"

"ಗೊತ್ತು. ಫೋಟೋದಲ್ಲಿ ಉಪ್ಪು ಕಾಣಲ್ಲ."

ಅತ್ತಿಗೆಗೆ ಎಷ್ಟೋ ಕಾಲದ ಮೇಲೆ ನಗು ಬಂತು. ಅಯ್ಯೋ ಪಾಪ ಎನ್ನುವವರ ಮಾತು ಕೇಳಿ ಕೇಳಿ ಅವಳ ಕಿವಿ ಕಿವುಡಾಗಿತ್ತು. ಈ ಹುಡುಗಿ ಮಾತ್ರ ನೇರ ಕೆಲಸದ ಮಾತಾಡಿದ್ದಳು. "ಎಷ್ಟು ಹೊತ್ತಿಗೆ ಬರಬೇಕು?" ಎಂದು ಕೇಳಿದಳು.

ಸ್ಟುಡಿಯೋ ಇದ್ದದ್ದು ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಒಂದು ಕಡೆ ಗೋಡೆಯಗಲದ ಕಿಟಕಿ, ಅದಕ್ಕೆ ತೆಳ್ಳನೆಯ ಬಿಳಿ ಪರದೆ. ಇನ್ನೊಂದು ಕಡೆ ಒಲೆ, ಓವನ್ನು. ನಡುವೆ ಗಾಲಿ ಇರುವ ಮೇಜು. ಕಪಾಟಿನಲ್ಲಿ ತರಹೇವಾರಿ ತಟ್ಟೆ ಬಟ್ಟಲುಗಳಿದ್ದವು, ಒಂದಕ್ಕೂ ಜೋಡಿ ಇರಲಿಲ್ಲ. ನಾದಿನಿ ತನ್ನ ಪೆಟ್ಟಿಗೆ ಬಿಚ್ಚಿ ಚಿಮುಟ, ಕುಂಚ, ಸಿರಿಂಜು, ಹತ್ತಿ, ಗುಂಡುಪಿನ್ನುಗಳನ್ನು ಸಾಲಾಗಿ ಜೋಡಿಸಿದಾಗ ಅತ್ತಿಗೆ, "ಅಡುಗೆ ಮಾಡೋದಾ, ಆಪರೇಷನ್ ಮಾಡೋದಾ?" ಎಂದು ಕೇಳಿದಳು.

"ಎರಡೂ" ಎಂದವನು ಫೋಟೋಗ್ರಾಫರು. ಅವನನ್ನು ಎಲ್ಲರೂ ಮೌನಿ ಎಂದು ಕರೆಯುತ್ತಿದ್ದರು, ಯಾಕೆಂದರೆ ಅವನ ಬಾಯಿಗೆ ಬೀಗವೇ ಇರಲಿಲ್ಲ. ಕ್ಯಾಮೆರಾ ಹೊಂದಿಸುತ್ತ ಅವನು ತನ್ನ ಮಾವನ ಮನೆಯ ಬೆಕ್ಕಿನ ಕಥೆ ಶುರು ಮಾಡಿದ್ದ. ಅವಳನ್ನು ಅತ್ತಿಗೆ ಎಂದು ಕರೆಯಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಮೊದಲ ಜಗಳ ಕ್ಯಾರೆಟ್ಟಿನ ಮೇಲೆ ಬಂತು. ಇನ್ನೂ ಗಟ್ಟಿ ಇರುವಾಗಲೇ ಅದನ್ನು ಕುದಿಯುವ ನೀರಿನಿಂದ ತೆಗೆಯಲು ನಾದಿನಿ ಹೇಳಿದಳು.

"ಇದು ಬೆಂದಿಲ್ಲ" ಎಂದಳು ಅತ್ತಿಗೆ.

"ಬೆಂದ್ರೆ ಬಣ್ಣ ಸತ್ತುಹೋಗುತ್ತೆ. ಇದನ್ನ ಕಣ್ಣಲ್ಲಿ ತಿನ್ನೋದು."

ಅತ್ತಿಗೆ ಮುಖ ಗಂಟು ಹಾಕಿಕೊಂಡೇ ಕ್ಯಾರೆಟ್ಟು ತೆಗೆದು ಐಸ್ ನೀರಿಗೆ ಹಾಕಿದಳು. ಪೂರ್ತಿ ಬೆಂದ ಒಂದು ತುಂಡನ್ನು ಹಟಕ್ಕೆ ಪಕ್ಕದಲ್ಲಿಟ್ಟು, ಕ್ಯಾಮೆರಾಕ್ಕೆ ಜೋಡಿಸಿದ್ದ ಕಂಪ್ಯೂಟರಿನ ಪರದೆ ನೋಡಿದಳು. ಬೆಂದ ತುಂಡು ಮಂಕಾಗಿ, ಕಾಯಿಲೆ ಬಿದ್ದು ಎದ್ದವರಂತೆ ಕಾಣುತ್ತಿತ್ತು. "ಸರಿ, ನಿಂದೇ ಗೆದ್ದಿತು" ಎಂದು ಅದನ್ನು ಬಾಯಿಗೆ ಹಾಕಿಕೊಂಡಳು. ರುಚಿ ತಿಳಿಯಲಿಲ್ಲ, ಮೆತ್ತಗಿರುವುದು ತಿಳಿಯಿತು.

ಕುಂಬಳಕಾಯಿ ಸೂಪಿನಲ್ಲಿ ತರಕಾರಿಯೆಲ್ಲ ತಳ ಸೇರಿದಾಗ ನಾದಿನಿ ಅಗಲ ಬಟ್ಟಲಿನೊಳಗೆ ಪುಟ್ಟ ಬಟ್ಟಲೊಂದನ್ನು ಬೋರಲು ಹಾಕಿ, ಅದರ ಮೇಲೆ ತರಕಾರಿ ಪೇರಿಸಿ, ಸುತ್ತ ಸೂಪು ಸುರಿದಳು. ತುಂಡುಗಳು ತಲೆ ಎತ್ತಿ ನಿಂತವು. "ಕಳ್ಳಿ" ಎಂದಳು ಅತ್ತಿಗೆ. ಅವಳ ದನಿಯಲ್ಲಿ ಮೆಚ್ಚುಗೆಯಿತ್ತು.

ಮಧ್ಯಾಹ್ನದ ಹೊತ್ತಿಗೆ ಬನ್ನುಗಳ ಸರದಿ. ಓವನ್ನಿನ ಗಾಜಿನೊಳಗೆ ಅವು ಉಬ್ಬಿದ್ದವು, ಬಣ್ಣ ಇನ್ನೂ ಬಿಳಿಚಿಕೊಂಡಿತ್ತು. ನಾದಿನಿ ಕಿಟಕಿ ನೋಡಿದಳು, ಗಡಿಯಾರ ನೋಡಿದಳು. "ಈಗಲೇ ತೆಗೀರಿ ಅತ್ತಿಗೆ. ಸೋಯಾ ಸಾಸ್ ನೀರು ಮಾಡಿಟ್ಟಿದ್ದೀನಿ, ಕುಂಚದಲ್ಲಿ ಬಳಿದರೆ ಕಂದು ಬಣ್ಣ ಬರುತ್ತೆ."

"ಬೆಂಕಿ ಕೊಡೋ ಬಣ್ಣಕ್ಕೆ ಕುಂಚ ಯಾಕೆ? ಸ್ವಲ್ಪ ತಡಿ."

"ಮೋಡ ಬರ್ತಿದೆ. ಬೆಳಕು ನಿಮಗಾಗಿ ಕಾಯಲ್ಲ. ಇರೋದು ಇದೊಂದೇ ಹಿಟ್ಟು, ಸೀದುಹೋದ್ರೆ?"

"ಸೀಯಲ್ಲ."

ಹೇಳುವುದೇನೋ ಹೇಳಿಬಿಟ್ಟಳು. ಆದರೆ ಹಿಂದೆಲ್ಲ ಅವಳಿಗೆ ಓವನ್ನಿನ ಮುಂದೆ ನಿಲ್ಲುವ ಅಗತ್ಯವೇ ಇರುತ್ತಿರಲಿಲ್ಲ. ಬನ್ನು ಹದಕ್ಕೆ ಬಂದರೆ ಅದರ ಘಮವೇ ಪಕ್ಕದ ಕೋಣೆಗೆ ಬಂದು ಅವಳನ್ನು ಎಬ್ಬಿಸುತ್ತಿತ್ತು. ಈಗ ಹಾಗೆ ಕರೆಯುವವರಿಲ್ಲ. ಅವಳು ಸ್ಟೂಲು ಎಳೆದುಕೊಂಡು ಗಾಜಿನ ಎದುರು ಕೂತಳು. ಮೌನಿ ಬೆಕ್ಕಿನ ಕಥೆಗೆ ಬಾಲ ಹಚ್ಚಲು ಹೋದ. "ಬಾಯಿ ಮುಚ್ಚು" ಎಂದಳು, ಮುಚ್ಚಿದ. ಬನ್ನಿನ ನೆತ್ತಿ ಮೊದಲು ಹಳದಿಯಾಯಿತು, ಆಮೇಲೆ ಜೇನಿನ ಬಣ್ಣಕ್ಕೆ ತಿರುಗಿತು. ಇಷ್ಟು ವರ್ಷ ತಾನು ಇದನ್ನು ನೋಡಿಯೇ ಇರಲಿಲ್ಲವಲ್ಲ ಎನಿಸಿತು ಅವಳಿಗೆ. ನೋಡಿದ್ದಳು, ಮೂಗು ಮುಂದೆ ನುಗ್ಗಿ ಮಾತಾಡುತ್ತಿದ್ದುದರಿಂದ ಕಣ್ಣಿನ ಮಾತು ಕೇಳಿಸಿರಲಿಲ್ಲ, ಅಷ್ಟೆ.

ಅಂಚು ಕಂದು ತಿರುಗುತ್ತಲೇ ಬಾಗಿಲು ತೆರೆದಳು. ಒಂದನ್ನು ಬಟ್ಟೆಯಲ್ಲಿ ಹಿಡಿದು ಬುಡಕ್ಕೆ ಬೆರಳಿನಿಂದ ತಟ್ಟಿ ಕಿವಿಗೊಟ್ಟಳು. ಟೊಳ್ಳು ಸದ್ದು ಬಂತು. "ಆಯ್ತು" ಎಂದಳು.

ನಾದಿನಿ ಬನ್ನನ್ನು ಎಲ್ಲ ಕಡೆ ತಿರುಗಿಸಿ ನೋಡಿ, ಕುಂಚವನ್ನು ಪೆಟ್ಟಿಗೆಗೆ ಹಾಕಿದಳು. ಮೋಡ ಕವಿಯುವ ಮುನ್ನ ಮೌನಿ ಫೋಟೋ ಹೊಡೆದು ಮುಗಿಸಿದ.

ಅಷ್ಟರಲ್ಲಿ ಪುಸ್ತಕದ ಪ್ರಕಾಶಕಿ ಬಂದಳು. ಪರದೆಯ ಮೇಲಿನ ಚಿತ್ರಗಳನ್ನು ನೋಡಿ ಅವಳ ಹಸಿವು ಕೆರಳಿತು. ಸಿಂಗರಿಸಿದ ಬಟ್ಟಲನ್ನು ಬಿಟ್ಟು ಪಾತ್ರೆಯಲ್ಲಿ ಉಳಿದ ಸೂಪನ್ನು ಎಲ್ಲರೂ ಬಡಿಸಿಕೊಂಡರು. ಒಂದು ಚಮಚ ಬಾಯಿಗೆ ಹೋಗಿದ್ದೇ ತಡ, ಎಲ್ಲರ ಕೈಯೂ ಅಲ್ಲೇ ನಿಂತಿತು. ಮೌನಿಯೂ ಮೌನಿಯಾದ. ಅತ್ತಿಗೆಗೆ ಆ ಮುಖಗಳು ಗುರುತಿನವೇ. ಮನೆಯಲ್ಲಿ ಊಟದ ಮೇಜಿನ ಆಚೆ ಬದಿ ಅಂಥದೊಂದು ಮುಖ ನೋಡಿದ್ದಳು.

"ಹೇಗಿದೆ?"

"ತುಂಬಾ ಚೆನ್ನಾಗಿದೆ" ಎಂದಳು ಪ್ರಕಾಶಕಿ.

ಅತ್ತಿಗೆ ಮೌನಿಯ ಕಡೆ ತಿರುಗಿದಳು. "ನೀನು ಹೇಳು."

ಅವನು ಚಮಚ ಕೆಳಗಿಟ್ಟ. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಇದರಲ್ಲಿ ಉಪ್ಪೇ ಇಲ್ಲ."

"ಇಲ್ಲ. ಹಾಕೇ ಇಲ್ಲ. ಫೋಟೋದಲ್ಲಿ ಕಾಣಲ್ಲ ಅಂದಿದ್ದು ಇವಳೇ ತಾನೆ?"

ಮೊದಲು ನಕ್ಕವಳು ನಾದಿನಿ. ಆಮೇಲೆ ಪ್ರಕಾಶಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಇಳಿದ ಮೇಲೆ ಅತ್ತಿಗೆ ಪಾತ್ರೆಯನ್ನು ಮತ್ತೆ ಒಲೆಗೇರಿಸಿ, ಮೌನಿಯನ್ನು ಪಕ್ಕಕ್ಕೆ ಕರೆದಳು. "ಈಗ ನೀನೇ ನನ್ನ ನಾಲಿಗೆ. ಚೆನ್ನಾಗಿದೆ ಅನ್ನೋ ಮಾತು ನಂಗೆ ಬೇಡ. ಏನು ಕಮ್ಮಿ, ಏನು ಜಾಸ್ತಿ, ಅಷ್ಟು ಹೇಳು."

ಉಪ್ಪು ಹಾಕಿದಳು. "ಸಾಲದು" ಎಂದ. ಮತ್ತೆ ಚಿಟಿಕೆ ಹಾಕಿದಳು. "ಹಾಂ, ಬಂತು. ಆದ್ರೆ ಸಿಹಿ ಮುಂದಾಗಿದೆ." ಕುಂಬಳಕಾಯಿ ಸಿಹಿಯಾದಾಗ ಏನು ಮಾಡಬೇಕೆಂದು ಅವಳಿಗೆ ಗೊತ್ತಿಲ್ಲವೇ? ನಿಂಬೆ ಹಿಂಡಿದಳು, ಮೆಣಸು ಕುಟ್ಟಿ ಹಾಕಿದಳು. ಮೌನಿ ಮೂರನೆಯ ಸಲ ರುಚಿ ನೋಡಿ, ತನ್ನ ಬಟ್ಟಲು ಮುಂದೆ ಚಾಚಿದ. ಪಾತ್ರೆ ತಳ ಕಾಣುವವರೆಗೂ ಯಾರೂ ಏಳಲಿಲ್ಲ.

ಅಂದು ಮನೆಗೆ ಬರುವ ದಾರಿಯಲ್ಲೇ ಅತ್ತಿಗೆ ತರಕಾರಿ ಕೊಂಡಳು. ಒಲೆ ಹೊತ್ತಿತು. ಅರ್ಧ ಅಡುಗೆಯಾದಾಗ, "ರೀ, ಬನ್ನಿ ಇಲ್ಲಿ" ಎಂದು ಕೂಗಿದಳು. ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯುವುದನ್ನೂ ಮರೆತು ಬಂದ. ಅವಳು ಸೌಟಿನ ತುದಿಯಲ್ಲಿ ಚೂರು ತೆಗೆದು ಅವನ ಬಾಯಿಗಿಟ್ಟಳು.

"ಚೆನ್ನಾ..."

"ಆ ಮಾತು ಆಡಿದ್ರೆ ಊಟ ಇಲ್ಲ."

ಅವನು ಕಣ್ಣು ಮುಚ್ಚಿ, ಕೆಟ್ಟ ಗಡಿಯಾರಕ್ಕೆ ಕಿವಿಗೊಡುವವನಂತೆ ಸ್ವಲ್ಪ ಹೊತ್ತು ನಿಂತ. "ಖಾರ ಜಾಸ್ತಿ. ಉಪ್ಪು ಕಮ್ಮಿ. ಇನ್ನೂ ಸ್ವಲ್ಪ ಬೇಯಬೇಕು."

"ಇದನ್ನ ಆವತ್ತೇ ಹೇಳಿದ್ರೆ ಏನಾಗ್ತಿತ್ತು?"

"ನಿನಗೆ ಬೇಜಾರಾಗುತ್ತೆ ಅಂತ."

"ಬೇಜಾರಾಗಿದ್ದು ನಿಮ್ಮ ಜೇಬಿನ ಬಾಟ್ಲಿ ನೋಡಿ."

ಅವನು ತಲೆ ತಗ್ಗಿಸಿದ. ಆಮೇಲೆ ಅವಳು ಕೇಳದಿದ್ದರೂ ಇನ್ನೊಂದು ಸಲ ರುಚಿ ನೋಡಿ, "ಅರಿಶಿನದ ಹಸಿವಾಸನೆ ಹೋಗಿಲ್ಲ" ಎಂದ. ಮಿತಭಾಷಿಗೆ ಅಂದು ಊಟ ಮುಗಿಯುವವರೆಗೂ ತಪ್ಪು ಹುಡುಕುವುದೇ ಕೆಲಸವಾಯಿತು. ಅತ್ತಿಗೆ ಒಂದೊಂದನ್ನೂ ತಿದ್ದುತ್ತ ಹೋದಳು; ಹೊಟ್ಟೆ ತುಂಬ ಉಂಡಳು ಕೂಡ.

ಪುಸ್ತಕ ಹೊರಬಂತು. ಮುಖಪುಟದಲ್ಲಿ ಬನ್ನು ಕೂತಿತ್ತು. ಅತ್ತಿಗೆಯ ಮೂಗು ಮಾತ್ರ ಇವತ್ತಿಗೂ ಹಿಂದಿರುಗಿಲ್ಲ; ಅದರ ದಾರಿ ಕಾಯುವುದನ್ನೂ ಅವಳು ಬಿಟ್ಟಿದ್ದಾಳೆ. ನಾದಿನಿಗೆ ಈಗ ಅವಳಿಲ್ಲದೆ ಕೈ ಓಡುವುದಿಲ್ಲ. ಮೊನ್ನೆ ಬೇಕರಿ ಕಂಪನಿಯವನೊಬ್ಬ ಸೇಬಿನ ಕೇಕಿನ ಫೋಟೋ ತೆಗೆಸಲು ಬಂದು, ಕೇಕು ಓವನ್ನಿನಿಂದ ಇಳಿದ ಕೂಡಲೇ ಕತ್ತರಿಸಿ ಎಂದು ಅವಸರ ಮಾಡಿದ. ಬಿಸಿಯಲ್ಲಿ ಚಾಕು ಇಟ್ಟರೆ ಒಳಗಿನದೆಲ್ಲ ಮುದ್ದೆಯಾಗುತ್ತದೆ ಎಂದು ಅತ್ತಿಗೆ ಹೇಳಿದಳು. ತನಗೆ ಬೇರೆ ಕೆಲಸವಿದೆ, ಹೊತ್ತಾಯಿತು ಎಂದು ಅವನು ರಾಗ ಎಳೆದ.

ಅವಳು ಚಾಕುವನ್ನು ಕೈಗೆ ಸಿಗದ ಕಡೆ ಇಟ್ಟು, ಸ್ಟೂಲನ್ನು ಅವನತ್ತ ತಳ್ಳಿದಳು. "ಕೂತ್ಕೊಳ್ಳಿ."

ಅವನು ಕೂತ.