ಬಲಗಡೆಯ ಸೀಟು

ನಾರ್ಬರ್ಟ್ ಕರಿ ಸೂಟು ಕೊಳೆಯಾಗದಂತೆ ಮೊಣಕಾಲಿನಡಿಗೆ ರಟ್ಟಿನ ತುಂಡು ಹಾಕಿಕೊಂಡು, ಹಸಿರು ಕಾರಿನ ಮುಂದಿನ ಚಕ್ರದ ಹಿಂದಕ್ಕೆ ತೋಳನ್ನು ಭುಜದವರೆಗೂ ತೂರಿಸಿ ಏನನ್ನೋ ತಿರುಗಿಸುತ್ತಿದ್ದ. ಒಳಗೆ ಶವಪೆಟ್ಟಿಗೆಯ ಸುತ್ತ ಜಪಸರದ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಸ್ವಲ್ಪ ಗಾಳಿ ಬೇಕೆಂದು ಹೊರಗೆ ಬಂದ ಬರ್ನಡೀನ್ ಅವನ ಬೂಟಿನ ಹಿಮ್ಮಡಿಗಳನ್ನು ನೋಡುತ್ತ ನಿಂತಳು.

"ಏನ್ ಮಾಡ್ತಿದ್ದೀಯ ನಾರ್ಬ್?"

ಅವನು ತೋಳು ಹೊರಗೆ ತೆಗೆಯಲಿಲ್ಲ. "ಶಾಕ್ ಅಬ್ಸಾರ್ಬರ್ ಸಡಿಲ ಮಾಡ್ತಿದ್ದೀನಿ. ನಿನ್ನ ಬೆನ್ನಿಗೆ."

"ನಾನು ಇದರಲ್ಲಿ ಬರ್ತೀನಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಬಂದ್ರೆ ಇರಲಿ ಅಂತ."

ತೀರಿಕೊಂಡ ಅವಳ ಗಂಡ ಚೆಟ್‌ನ ಈ ಹಸಿರು ಕಾರು, ಅರವತ್ತೆಂಟನೇ ಇಸವಿಯ ಕಮಾರೊ, ಶವದ ಗಾಡಿಯ ಬೆನ್ನಿಗೇ ಹೋಗಬೇಕು ಎಂದು ಅವನ ಗೆಳೆಯರೆಲ್ಲ ಸೇರಿ ತೀರ್ಮಾನಿಸಿದ್ದರು. ಓಡಿಸುವವನು ಅವನ ಹಳೇ ಗೆಳೆಯ ನಾರ್ಬರ್ಟ್, ಅದರಲ್ಲಿ ಎರಡು ಮಾತಿಲ್ಲ. ಓಡಿಸುವವನ ಪಕ್ಕದ ಬಲಗಡೆ ಸೀಟಿನಲ್ಲಿ ಯಾರು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಮನೆಯವರಿಗೆಂದು ಉದ್ದನೆಯ ಕರಿ ಬಾಡಿಗೆ ಕಾರು ಬಂದು ನಿಂತಿತ್ತು, ಸೀಟುಗಳು ಹಾಸಿಗೆಯ ಹಾಗೆ. ಬರ್ನಡೀನ್ ಹಸಿರು ಕಾರಿನೊಳಗೆ ಕೂತು ಹತ್ತು ಹನ್ನೊಂದು ವರ್ಷವಾಗಿತ್ತು.

ಅವಳು ತಿರುಗಿ ಶವಪೆಟ್ಟಿಗೆಯ ಬಳಿಗೆ ಒಳಗೆ ಹೋದಳು.

ಗಂಡನ ಕೈಮೇಲೆ ಕೈಯಿಟ್ಟಳು. ಎಲ್ಲರೂ ನೋಡುತ್ತಿದ್ದರು, ಇಡಬೇಕಲ್ಲ. ಏನೂ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಇರುತ್ತದಲ್ಲ, ಬೆರಳಿಂದ ಒತ್ತಿದರೆ ಬೇರೆ ಯಾರದೋ ದವಡೆ ಅನ್ನಿಸುತ್ತದಲ್ಲ, ಹಾಗಿತ್ತು ಅವಳಿಗೆ. ಗುರುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿಗೆ ತಲೆಯಾನಿಸಿದ ಅವನನ್ನು ಕಂಡಾಗಿನಿಂದ ಹೀಗೇ. ಬಂದವರೆಲ್ಲ ಅವಳನ್ನು ಗಟ್ಟಿಗಿತ್ತಿ ಎಂದು ಹೊಗಳಿ ಹೋಗುತ್ತಿದ್ದರು. ಅವಳು ಕುರ್ಚಿಗಳನ್ನು ಎಣಿಸುತ್ತಿದ್ದಳು. ಗಂಡನ ಅಕ್ಕ ಡೊಲೊರಿಸಳ ಕೋಟಿನ ಗುಂಡಿ ಒಂದರ ಕಾಜಾಕ್ಕೆ ಇನ್ನೊಂದು ಬಿದ್ದಿತ್ತು. ಹೇಳಬೇಕು ಅಂದುಕೊಂಡಳು, ಹೇಳಲಿಲ್ಲ.

*

ಮದುವೆಯಾದ ಹೊಸದರಲ್ಲಿ ಆ ಕಾರಿನಲ್ಲಿ ಮುಂದೆ ಉದ್ದಕ್ಕೂ ಒಂದೇ ಸೀಟು. ಹಿಂದಿನ ಚಕ್ರಗಳ ಕಮಾನು ಸ್ಪ್ರಿಂಗುಗಳು ಎಷ್ಟು ಮೆತ್ತಗೆಂದರೆ, ನದಿ ಪಕ್ಕದ ರಸ್ತೆಯ ತಿರುವಿನಲ್ಲಿ ಇಡೀ ಗಾಡಿ ದೋಣಿಯ ಹಾಗೆ ವಾಲುತ್ತಿತ್ತು. ಎಡಗಡೆಯ ಬಾಗಿಲಿಗೆ ಒತ್ತಿಕೊಂಡು ಸ್ಟೀರಿಂಗ್ ಹಿಡಿದ ಚೆಟ್, ಅವನ ಭುಜಕ್ಕೆ ಜಾರಿ ಬಂದು ಅಂಟಿಕೊಂಡ ಬರ್ನಡೀನ್. ಬೇಕೆಂದೇ ಬಲಕ್ಕೆ ತಿರುಗುವ ದಾರಿಗಳನ್ನೇ ಹುಡುಕುತ್ತಿದ್ದ. "ನಾನೇನು ಮಾಡ್ಲಿ, ಗಾಡಿ ಹಾಗಿದೆ," ಎನ್ನುತ್ತಿದ್ದ.

ತುಂಬಾ ವರ್ಷಗಳಾದ ಮೇಲೆ, ಒಂದು ಮಳೆಯ ಸಂಜೆ, ಅದೇ ವಾಲಾಟದಲ್ಲಿ ಗಾಡಿಯ ಬಾಲ ಜಾರಿತು. ರಸ್ತೆಯಂಚಿನ ಕಬ್ಬಿಣದ ಬೇಲಿಗೆ ಅವಳಿದ್ದ ಮಗ್ಗುಲೇ ಹೋಗಿ ಬಡಿಯಿತು. ಅವನಿಗೆ ಗೀರೂ ಆಗಲಿಲ್ಲ. ಅವಳ ಬೆನ್ನುಮೂಳೆಯ ಕೆಳಗಿನ ಎರಡು ಮಣಿಗಳು ಅವತ್ತಿನಿಂದ ಅವಳ ಮಾತು ಕೇಳಲಿಲ್ಲ.

ಚೆಟ್ ಆಸ್ಪತ್ರೆಯಲ್ಲಿ ಅಳಲಿಲ್ಲ, ಕ್ಷಮಿಸು ಎನ್ನಲೂ ಇಲ್ಲ. ಮಂಚದ ಕಾಲಿನ ಹತ್ತಿರ ನಿಂತು, ಟೊಪ್ಪಿಗೆಯನ್ನು ಕೈಯಲ್ಲಿ ಸುತ್ತಿಸುತ್ತ, "ಇನ್ನು ಆ ಗಾಡಿ ಅಲುಗಾಡದ ಹಾಗೆ ಮಾಡ್ತೀನಿ," ಎಂದ.

*

ಪೂಜೆ ಮುಗಿದು ಚರ್ಚಿನ ಮೆಟ್ಟಿಲ ಮೇಲೆ ಜನ ನಿಂತಿತ್ತು. ಪೆಟ್ಟಿಗೆಯನ್ನು ಗಾಡಿಗೆ ಏರಿಸುತ್ತಿದ್ದರು. ಮಾರ್ಚ್ ಬಂದರೂ ಗೋಡೆ ಬುಡದಲ್ಲಿ ಕರಿ ಹಿಮ ಕರಗಿರಲಿಲ್ಲ. ಚೆಟ್ ಜೊತೆ ಕಾರಿನ ಕಾರ್ಖಾನೆಯಲ್ಲಿ ದುಡಿದ ಮುದುಕರು ಆಗಲೇ ಅವನ ಬಾಗಿಲ ಕತೆ ಎತ್ತಿಕೊಂಡಿದ್ದರು. ಜೀವನವಿಡೀ ಕಂಡವರ ಕಾರಿಗೆ ಬಾಗಿಲು ಕೂರಿಸಿದವನು, ತನ್ನ ಕಾರಿನ ಬಾಗಿಲನ್ನೇ ಮುಚ್ಚಲಾರದೆ ಒದ್ದಾಡಿದ ಕತೆ. ಮೆಲ್ಲಗೆ ನಕ್ಕರು, ಬರ್ನಡೀನಳನ್ನು ಕಂಡು ನಿಲ್ಲಿಸಿದರು.

ಡೊಲೊರಿಸ್ ಬಂದು ತೋಳು ಹಿಡಿದುಕೊಂಡಳು.

"ನಡಿಯಮ್ಮ, ನಮ್ಮ ಕಾರು ಬೆಚ್ಚಗೆ ಮಾಡಿಟ್ಟಿದಾರೆ. ಆ ಡಬ್ಬದಲ್ಲಿ ಕೂತ್ರೆ ಇವತ್ತೇ ಇನ್ನೊಂದು ಪೆಟ್ಟಿಗೆಗೆ ಹೇಳಿಬಿಡಬೇಕಾಗತ್ತೆ."

"ನಿನ್ನ ತಮ್ಮನೇ ಮಾಡಿದ ಡಬ್ಬ," ಎಂದಳು ಬರ್ನಡೀನ್.

"ತಮ್ಮ ಅಂತಲೇ ಹೇಳ್ತಿರೋದು. ಸಾಯೋ ತನಕ ಅದರ ಅಡೀಲೇ ಬಿದ್ದಿದ್ದ. ನಿನ್ನನ್ನ ಒಬ್ಬಳನ್ನೇ ಮನೇಲಿ ಬಿಟ್ಟು."

ನಿಜವೇ. ಬರ್ನಡೀನಳಿಗೆ ಸಿಟ್ಟೂ ಬರಲಿಲ್ಲ. ನಾರ್ಬರ್ಟ್ ಪಕ್ಕದಲ್ಲಿ ಟೊಪ್ಪಿಗೆ ಹಿಡಿದು ನಿಂತಿದ್ದ.

"ಆ ಗಾಡಿ ಇವಳ ತೂಕಕ್ಕೆ ಬೆಸೆದಿರೋದು, ಡೊಲೊರಿಸ್," ಎಂದ. "ನಿಂಗೊತ್ತಿಲ್ಲ, ನೀನಿರಲಿಲ್ಲ."

*

ಆ ಕಾರಿಗೆ ಮೂತಿಯಿಂದ ಬಾಲದವರೆಗೆ ಒಂದೇ ಚಾಸಿ ಇಲ್ಲ. ಮುಂದೊಂದು ಚೌಕಟ್ಟು, ಹಿಂದೊಂದು, ನಡುವೆ ಬರೀ ತಗಡು. ಎರಡನ್ನೂ ಕೂಡಿಸಿ ಉದ್ದಕ್ಕೆ ಕಬ್ಬಿಣದ ಕೊಳವೆ ಬೆಸೆದರೆ ಮೈ ಬಿಗಿಯಾಗುತ್ತದೆ. ಅಪಘಾತವಾದ ಮೇಲೆ ಮೊದಲ ಸಲ ಚೆಟ್, ನಾರ್ಬರ್ಟ್ ಇಬ್ಬರೂ ಆತುರಪಟ್ಟು, ಗಾಡಿಯನ್ನು ಜಾಕಿಯ ಮೇಲೆ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ವೆಲ್ಡಿಂಗ್ ಮಾಡಿಬಿಟ್ಟರು. ಇಳಿಸಿ ನೋಡಿದರೆ ಬಲಗಡೆ ಬಾಗಿಲು ಮುಚ್ಚುತ್ತಿಲ್ಲ. ಎತ್ತಿದಾಗ ಮೈ ಹೇಗೆ ಸೊಟ್ಟಗಾಗಿತ್ತೋ ಹಾಗೇ ಹೆಪ್ಪುಗಟ್ಟಿತ್ತು. ಚೆಟ್ ದಿನವಿಡೀ ಸ್ಟೂಲಿನ ಮೇಲೆ ಕೂತು ಆ ಬಾಗಿಲನ್ನೇ ನೋಡಿದ. ಆಮೇಲೆ ಎಲ್ಲ ಕತ್ತರಿಸಿ ತೆಗೆದ.

ಎರಡನೇ ಸಲ ನಾಲ್ಕೂ ಚಕ್ರಗಳನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಗಾಡಿ ತನ್ನ ಭಾರ ತಾನೇ ಹೊತ್ತುಕೊಳ್ಳುವ ಹಾಗೆ ಮಾಡಿ, ಮನೆಯೊಳಗೆ ಬಂದ.

"ಸ್ವಲ್ಪ ಬಂದು ಕೂತ್ಕೊ."

"ಎಲ್ಲಿ?"

"ನಿನ್ನ ಜಾಗದಲ್ಲಿ. ಗಾಡಿ ಹೊತ್ಕೊಳೋದನ್ನೆಲ್ಲ ಹೊತ್ಕೊಂಡಿರುವಾಗಲೇ ಬೆಸೀಬೇಕು."

ಬೆನ್ನಿಗೆ ಪಟ್ಟಿ ಕಟ್ಟಿಕೊಂಡೇ ಹೋಗಿ ಕೂತಳು. ಬೆಸುಗೆಯ ಬಿಸಿ ತಾಗದಿರಲೆಂದು ಕಾರಿನ ನೆಲಕ್ಕೆ ಒದ್ದೆ ಕಂಬಳಿ ಹಾಸಿದ್ದರು. ಎಡಗಡೆ ಚೆಟ್ ಕೂತ. ಅಡಿಯಲ್ಲಿ ನಾರ್ಬರ್ಟ್ ಬೆಂಕಿ ಹಾರಿಸುತ್ತ, ಯಾರೂ ಮಿಸುಕಬೇಡಿ, ಜಗಳವಾಡಬೇಕಾದರೂ ನೆಟ್ಟಗೆ ಕೂತೇ ಆಡಿ ಎಂದು ಕೂಗಿದ. ಗಂಡ ಹೆಂಡತಿ ಎಲ್ಲಿಗೂ ಹೋಗದ ಕಾರಿನಲ್ಲಿ, ಗ್ಯಾರೇಜಿನ ಗೋಡೆ ನೋಡುತ್ತ, ಮಿಸುಕದೆ ಕೂತರು. ಬೆಸುಗೆ ಮುಗಿದ ಮೇಲೆ ಬಾಗಿಲು ಉಗುರಿನಿಂದ ತಟ್ಟಿದಷ್ಟು ಸಣ್ಣ ಸದ್ದಿನಲ್ಲಿ ಮುಚ್ಚಿತು.

ಹೊಸ ಸ್ಪ್ರಿಂಗು, ಹೊಸ ಶಾಕು, ತಬ್ಬಿ ಹಿಡಿಯುವಂಥ ಬೇರೆಬೇರೆ ಸೀಟುಗಳು. ಮೊದಲ ಭಾನುವಾರ ಕರೆದುಕೊಂಡು ಹೋದ. ತಿರುವಿನಲ್ಲಿ ಗಾಡಿ ಕೂದಲೆಳೆಯಷ್ಟೂ ವಾಲಲಿಲ್ಲ. ಅವಳೂ ಜಾರಲಿಲ್ಲ. ರಸ್ತೆಯ ಒಂದೊಂದು ಬಿರುಕೂ ನೆಟ್ಟಗೆ ಬೆನ್ನಿಗೆ ಬಂದು ಬಡಿಯಿತು. ಮನೆ ಮುಟ್ಟುವಾಗ ಅವಳ ತುಟಿ ಬೆಳ್ಳಗಾಗಿತ್ತು. "ನೀನು ಹೋಗ್ತಿರು," ಎಂದಳು. "ನಂಗೆ ಆಗಲ್ಲ."

ಪ್ರತಿ ಚಳಿಗಾಲದಲ್ಲೂ ಅವನು ಅದರಡಿ ಮಲಗಿ ಏನಾದರೂ ಬದಲಿಸುತ್ತಿದ್ದ. ಪ್ರತಿ ವಸಂತದಲ್ಲೂ ಬಂದು, "ಈಗ ನೋಡ್ತೀಯಾ? ಮೊದಲಿನಷ್ಟಿಲ್ಲ," ಎನ್ನುತ್ತಿದ್ದ. ಅವಳು ಪಾತ್ರೆ ತೊಳೆಯುತ್ತ, ಮುಂದಿನ ವಾರ ನೋಡೋಣ ಎನ್ನುತ್ತಿದ್ದಳು. ಆಮೇಲಾಮೇಲೆ ಅವನು ಕೇಳುವುದನ್ನು ಬಿಟ್ಟ.

*

ಶವದ ಗಾಡಿಯ ಹಿಂಬಾಗಿಲು ಮುಚ್ಚಿತು. ಡೊಲೊರಿಸ್ ಬಾಡಿಗೆ ಕಾರಿನ ಬಾಗಿಲು ತೆಗೆದು ಹಿಡಿದಿದ್ದಳು. ಬರ್ನಡೀನ್ ಅವಳ ಹತ್ತಿರ ಹೋಗಿ, ತಪ್ಪಿ ಬಿದ್ದಿದ್ದ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿದಳು.

"ನೀನು ಹತ್ತು. ನಾನು ಅದರಲ್ಲಿ ಬರ್ತೀನಿ."

"ನಿನ್ನ ಬೆನ್ನು?"

"ಇದೆಯೋ ಇಲ್ವೋ ನೋಡ್ತೀನಿ."

ಹಸಿರು ಕಾರಿನ ಬಳಿ ನಿಂತು ನಾರ್ಬರ್ಟನನ್ನು ಕೇಳಿದಳು. "ಬೆಳಿಗ್ಗೆ ಎಷ್ಟು ಸಡಿಲ ಮಾಡಿದೆ?"

"ಪೂರ್ತಿ. ಬೆಣ್ಣೆ ಥರ ಹೋಗತ್ತೆ, ಹೆದರಬೇಡ."

"ಅವನು ಹೇಗಿಟ್ಟಿದ್ದನೋ ಹಾಗೆ ಮಾಡು."

"ಬರ್ನಿ, ಸ್ಮಶಾನಕ್ಕೆ ಹೋಗೋ ಫೋರ್ಟ್ ಸ್ಟ್ರೀಟಿನಲ್ಲಿ ಚಳಿಗಾಲ ಕಳೆದ ಮೇಲೆ ಬರೀ ಗುಂಡಿ ಮಾರಾಯ್ತಿ."

"ಮಾಡು."

ಶವದ ಗಾಡಿ, ಪಾದ್ರಿ, ಅರವತ್ತು ಎಪ್ಪತ್ತು ಕಾರುಗಳು ಕಾದವು. ನಾರ್ಬರ್ಟ್ ಈ ಸಲ ರಟ್ಟು ಹುಡುಕಲಿಲ್ಲ. ಚರ್ಚಿನ ಮುಂದೆ, ಎಲ್ಲರೂ ನೋಡುತ್ತಿರುವಾಗ, ಉಪ್ಪು ಹಿಮ ಬೆರೆತ ಕೆಸರಿಗೆ ಮೊಣಕಾಲೂರಿ ನಾಲ್ಕೂ ಚಕ್ರಗಳ ಹಿಂದೆ ಕೈ ತೂರಿಸಿ ಶಾಕ್‌ಗಳನ್ನು ಮತ್ತೆ ಬಿಗಿ ಮಾಡಿದ.

ಹೊರಟರು. ಮೊದಲ ಗುಂಡಿಯನ್ನು ಅವನು ಬಳಸಿಕೊಂಡು ಹೋದ. ಎರಡನೆಯದನ್ನೂ.

"ತಪ್ಪಿಸಬೇಡ," ಎಂದಳು.

ಅವನು ಅವಳ ಕಡೆ ನೋಡಿದ, ಮತ್ತೆ ಮುಂದೆ ನೋಡಿದ, ಸ್ಟೀರಿಂಗ್ ನೇರ ಹಿಡಿದ. ಏಟು ಕೆಳಗಿನ ಎರಡು ಮಣಿಗಳಿಗೆ ಬಿದ್ದು, ಪಕ್ಕೆಲುಬು ಹತ್ತಿ, ಹಲ್ಲಿನವರೆಗೆ ಬಂತು. ಅವಳ ಬಾಯಿಂದ ಗುರುವಾರದಿಂದ ಹೊರಡದ ಒಂದು ಸದ್ದು ಹೊರಟಿತು. ನಾರ್ಬರ್ಟನ ಕಾಲು ಬ್ರೇಕಿಗೆ ಹೋಯಿತು.

"ಓಡಿಸು," ಎಂದಳು. ಮುಖ ಪೂರ್ತಿ ಒದ್ದೆಯಾಗಿತ್ತು.

ಮುಂದೆ ಶವದ ಗಾಡಿ ಅಷ್ಟಗಲದ ಇನ್ನೊಂದು ಗುಂಡಿಗೆ ಇಳಿಯಿತು. ಅದರ ಹಿಂಭಾಗ ತೊಟ್ಟಿಲಿನ ಹಾಗೆ ಮೆತ್ತಗೆ ಮುಳುಗಿ, ಬಲಕ್ಕೊಮ್ಮೆ ವಾಲಿ, ಸದ್ದಿಲ್ಲದೆ ಮೇಲೆದ್ದು ಹೋಯಿತು. ಬರ್ನಡೀನ್ ಅದೇ ಗುಂಡಿ ತನ್ನ ಕಡೆ ಬರುವುದನ್ನು ನೋಡುತ್ತ, ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದು ಕೂತಳು.