ತೊಂಬತ್ತು ಆಂಪ್

ಟೀ ಲೋಟ ಎಡಗೈಯಲ್ಲಿದೆ, ವಾಸಿಂ ಎಡಗೈಯಲ್ಲಿ ಕುಡಿಯುವವನಲ್ಲ, ಹದಿನಾಲ್ಕು ವರ್ಷ ಜೊತೆಯಲ್ಲಿ ವೈರಿಂಗ್ ಮಾಡಿದ ಮಹೇಂದ್ರನಿಗೆ ಅಷ್ಟೂ ಗೊತ್ತಿಲ್ಲವೇ — ಬಲಗೈ ಬ್ಯಾಂಡೇಜಿನೊಳಗೆ ತೊಡೆಯ ಮೇಲೆ ಬಿದ್ದಿದೆ, ಯಾರೋ ಬಿಟ್ಟುಹೋದ ಗಂಟಿನ ಹಾಗೆ, ಕೈಲಾಂಚ ಊರಿನ ವಾಸಿಂ ಮನೆಯ ಈ ನಡುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಮಹೇಂದ್ರನ ಮೂಗಿಗೆ ಬರುವುದು ಮಾತ್ರ ಸುಟ್ಟ ಪ್ಲಾಸ್ಟಿಕ್ಕು, ಕುಡೀರಿ ಅಣ್ಣ, ಸಕ್ರೆ ಕಮ್ಮಿ ಆಯ್ತಾ, ಅಂತ ವಾಸಿಂನ ಹೆಂಡತಿ ಖತೀಜಾ, ಇಲ್ಲಮ್ಮ ಸರಿಯಾಗೈತೆ, ಬಾಯಿಗೆ ಸಿಹಿಯೂ ಇಲ್ಲ ಬಿಸಿಯೂ ಇಲ್ಲ, ಜೇಬಿನಲ್ಲಿ ಎರಡು ಹಾಳೆ, ಒಂದು ಕನಕಪುರದ ಕಲ್ಯಾಣ ಮಂಟಪದ ಯಜಮಾನ ಟೈಪ್ ಮಾಡಿಸಿದ್ದು, ವಾಸಿಂ ಸ್ಕ್ರೂ ಸಡಿಲ ಬಿಟ್ಟಿದ್ದರಿಂದ ನ್ಯೂಟ್ರಲ್ ತಂತಿ ಸುಟ್ಟಿತು ಎಂದು, ಒಂದು ಸೈನ್ ಹಾಕ್ಬುಡು ಮಹೇಂದ್ರ, ನಿಂಗ್ಯಾಕೆ ತಲೆನೋವು, ಅಂದಿದ್ದ — ಇನ್ನೊಂದು ನಿನ್ನೆ ಇವನೇ ಪೆನ್ಸಿಲ್ಲಿನಲ್ಲಿ ಮತ್ತೆ ಮಾಡಿ ನೋಡಿದ ಲೆಕ್ಕ. ಕರೆಂಟು ತರುವ ಮೂರು ಫೇಸ್ ತಂತಿ, ಒಂದೊಂದರಲ್ಲೂ ಎರಡು ಅಲೆ, ಮಾಮೂಲಿಯದು ನಲವತ್ತು ಆಂಪ್, ಎಲ್‌ಇಡಿ ಲೈಟು ಎಬ್ಬಿಸಿದ ಮೂರುಪಟ್ಟು ವೇಗದ್ದು ಮೂವತ್ತು, ಕೂಡಿದರೆ ಎಪ್ಪತ್ತಲ್ಲ, ವರ್ಗ ಮಾಡು, ಕೂಡು, ವರ್ಗಮೂಲ ತೆಗಿ, ಐವತ್ತು, ಆರ್‌ಎಂಎಸ್ ಅಂದ್ರೆ ಇಷ್ಟೇ ಕಣ್ರಪ್ಪ, ಐಟಿಐ ಮೇಷ್ಟ್ರು ಚನ್ನಬಸವಯ್ಯ ಬೋರ್ಡು ಕುಟ್ಟಿ ಹೇಳಿದ್ದು, ಬೇರೆ ಬೇರೆ ವೇಗದವು ಆದ್ರೆ ಹಿಂಗೆ, ಒಂದೇ ತಾಳಕ್ಕೆ ಕುಣಿಯೋವು ಆದ್ರೆ ನೇರ ಕೂಡ್ಕಳಿ — ಆ ಕೊನೆ ಮಾತನ್ನು ಮಂಟಪದ ವೈರಿಂಗ್ ಮಾಡುವಾಗ ಇವನು ಮರೆತ. ಮೂರು ತಂತಿಗೂ ಐವತ್ತೈವತ್ತು, ಮೂರೂ ಸಮ, ಕರೆಂಟು ವಾಪಸ್ ಹೋಗುವ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಹೊಡೆದು ಸೊನ್ನೆ, ಸಣ್ಣ ತಂತಿ ಸಾಕು, ದಪ್ಪದ್ದೇ ಎಳೆಯಣ ಕಣ್ಲಾ, ಅಂದವನು ವಾಸಿಂ, ಸುಮ್ಕಿರ್ಲಾ, ಲೆಕ್ಕ ನಂದು ಕೈ ನಿಂದು, ಅಂದು ನಕ್ಕವನು ಇವನು. ನಲವತ್ತುಗಳು ಹೊಡೆದುಹೋದವು, ನಿಜ. ಮೂರು ಮೂವತ್ತು ಮಾತ್ರ ಒಂದೇ ತಾಳಕ್ಕೆ ಬಂದು ಸಣ್ಣ ತಂತಿಯೊಳಗೆ ಸೇರಿಕೊಂಡವು, ತೊಂಬತ್ತು. ಆರತಕ್ಷತೆಯ ಮಧ್ಯೆ ಹೊಗೆ ಬಂದಾಗ ವಾಸಿಂ ಬೋರ್ಡು ಬಿಚ್ಚಿ, ಇದ್ರಲ್ಲಿ ಸೊನ್ನೆ ತಾನೇ, ಅಂತ ಆ ನ್ಯೂಟ್ರಲ್ ತಂತಿಯನ್ನೇ ಹಿಡಿದ, ಕರಗಿದ ಪ್ಲಾಸ್ಟಿಕ್ ಅಂಗೈಗೆ ಅಂಟಿತು, ಎಳೆದರೆ ಚರ್ಮವೇ ಬಂತು — ಏನ್ಲಾ ಮಂಕಾಗಿ ಕುಂತಿದ್ದೀಯ, ಅಂತ ಈಗ ವಾಸಿಂ, ಸ್ಕ್ರೂ ಬಿಗಿಯಾಗೇ ತಿರುಗ್ಸಿದ್ದೆ ಕಣ್ಲಾ, ಇಲ್ಲ, ಮರ್ತೇ ಬುಟ್ನೋ ಏನೋ, ಈಗ ನಂಗೇ ಅನುಮಾನ. ಅವನಿಗೇ ಅನುಮಾನ. ಮಹೇಂದ್ರನ ಕೈ ತಾನಾಗಿ ಜೇಬಿಗೆ ಹೋಯಿತು, ಬಂದದ್ದು ಪೆನ್ಸಿಲ್ ಹಾಳೆ, ಬಿಗಿಯಾಗೇ ಇತ್ತು ಕಣ್ಲಾ, ತಪ್ಪಿದ್ದು ನನ್ ಲೆಕ್ಕ, ತಕ್ಕೋ ನೋಡು, ಹೇಳಿದ ಮೇಲೂ ಎದೆಯಲ್ಲಿ ಏನೂ ಆಗಲಿಲ್ಲ, ಹಾಳೆ ತೆಗೆದುಕೊಳ್ಳಲು ವಾಸಿಂನ ಬಲಗೈ ಒಸಿ ಅಲುಗಿತು, ಅಲ್ಲೇ ನಿಂತಿತು, ಆಮೇಲೆ ಎಡಗೈ, ಎಡಗೈಯಲ್ಲಿ ಲೋಟ, ಲೋಟ ಎಲ್ಲಿಡುವುದೆಂದು ಅತ್ತಿತ್ತ ನೋಡುತ್ತಿದ್ದಾನೆ, ಎಡಗೈ, ಟೀ ಲೋಟ, ಎಡಗೈ