ಗ್ಯಾಸ್ ಎಂದು ಬರೆದ ಕಾಗದ

ಮುನ್ಸಿಪಾಲ್ಟಿ ಆಸ್ಪತ್ರೆಯಲ್ಲಿ ಹೊರರೋಗಿಗಳ ಕೇಸ್ ಪೇಪರ್ ಬರೆಯುವುದು ನನ್ನ ಕೆಲಸ. ಹೆಸರು, ವಯಸ್ಸು, ವಾಸ, ಏನು ತೊಂದರೆ. ಇಷ್ಟು ಬಿಟ್ಟು ಬೇರೇನೂ ಮಾತಾಡಬಾರದೆಂದು ಹೆಡ್ ಕ್ಲಾರ್ಕ್ ತಿಂಗಳಿಗೊಮ್ಮೆಯಾದರೂ ನನಗೆ ತಾಕೀತು ಮಾಡುತ್ತಿದ್ದರು. ನನ್ನ ಬಾಯಿ ಎಂಥದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1973ರ ಮಳೆಗಾಲದಲ್ಲಿ ಆಂಟಾಪ್ ಹಿಲ್‌ನಿಂದ ಅಣವೀರಪ್ಪ ಎಂಬ ಗೌಂಡಿ ತನ್ನ ಹೆಂಡತಿ ಶರಣವ್ವನನ್ನು ಕರೆತಂದ. ಅಫಜಲಪುರದ ಕಡೆಯಿಂದ ದುಡಿಯಲು ಈ ಮರಾಠಿ ನಗರಕ್ಕೆ ಬಂದು ಚಾಳಿನಲ್ಲಿದ್ದವರು. ಏನು ತೊಂದರೆ ಎಂದರೆ ಅವನೇ ಹೇಳಿದ, ಗ್ಯಾಸ್, ಮೈಯಲ್ಲಿ ಶಕ್ತಿಯಿಲ್ಲ. ಹಾಗೇ ಬರೆದುಕೊಟ್ಟೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಬಾಟಲಿಗೆ ಔಷಧಿ ಬರೆದುಕೊಟ್ಟರು. ಹದಿನೈದು ದಿನಕ್ಕೆ ಮತ್ತೆ ಬಂದರು, ಮತ್ತೆ ಗ್ಯಾಸ್ ಎಂದೇ ಬರೆದೆ. ಎರಡು ಸಲವೂ ಆ ಹೆಂಗಸು ನನ್ನ ಮೇಜಿನ ಅಂಚು ಹಿಡಿದು ನಿಂತಿದ್ದಳು. ನಾನೂ ಇಂಡಿ ತಾಲೂಕಿನವಳು, ಅವಳ ಮಾತು ನನ್ನ ಮಾತು. ಆದರೂ ಅವಳನ್ನು ಒಂದು ಮಾತು ಕೇಳಲಿಲ್ಲ. ಇದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೂರನೆಯ ಸಲವೂ ಅವಳ ಹೊಟ್ಟೆಯಲ್ಲಿ ಏನೂ ಸಿಗದೆ, ಡಾಕ್ಟರು ಕಾಗದದ ಮೇಲೆ ಮಾನಸಿಕ ವಿಭಾಗಕ್ಕೆ ಹೋಗಿ ಎಂದು ಬರೆದರು. ಅದು ಎಲ್ಲಿದೆ ಎಂದು ಕೇಳಲು ಬಂದ ಅಣವೀರಪ್ಪ ಕಾಗದವನ್ನು ಮಡಿಚಿ ಅಂಗಿಯೊಳಗೆ ಇಟ್ಟುಕೊಂಡಿದ್ದ. ಜೊತೆಗೆ ನನ್ನ ಮುಂದೆ ಗೊಣಗಿದ. ಅವನು ಕುಡಿಯುವುದಿಲ್ಲವಂತೆ, ಕೈ ಎತ್ತುವುದಿಲ್ಲವಂತೆ, ಇವಳಿಗೆ ಏನು ಕಡಿಮೆಯಾಗಿದೆ ಎಂದು ಚಾಳಿನವರೆಲ್ಲ ಕೇಳುತ್ತಾರಂತೆ. ಟೈಫಾಯ್ಡ್ ಬಂದು ಮಲಗಿದವರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ? ನಾನು ಪೆನ್ನು ಮುಚ್ಚಿಟ್ಟು, ನಡೀರಿ ತೋರಿಸ್ತೀನಿ ಎಂದು ಅವರ ಜೊತೆ ಮೇಲಿನ ಮಹಡಿಗೆ ಹೋದೆ. ದಾರಿ ತೋರಿಸಿ ಬರಬೇಕಿತ್ತು, ಬರಲಿಲ್ಲ. ಬಾಗಿಲ ಬಳಿಯೇ ನಿಂತೆ.

ಅಲ್ಲಿನ ಮರಾಠಿ ಡಾಕ್ಟರು ಹಿಂದಿಯಲ್ಲಿ ಕೇಳಿದರು, ಅದೂ ಗಂಡನ ಮುಖ ನೋಡಿಕೊಂಡು. ನಿದ್ದೆ ಹೇಗೆ ಎಂದರು. ಗಂಡ ಅದನ್ನು ಕನ್ನಡದಲ್ಲಿ ಕೇಳಿದ. ಶರಣವ್ವ ನೆಲ ನೋಡುತ್ತ ಹೇಳಿದಳು:

"ನಸುಕಿನಾಗ ಎಚ್ಚರ ಆಗ್ತದ. ಇನ್ನೊಂದು ದಿನ ಬಂತಲ್ಲ ಅಂತ ಅಂಜಿಕಿ ಬರ್ತದ."

ನಿದ್ದೆ ಬರುತ್ತದೆ, ಸ್ವಲ್ಪ ಕಡಿಮೆ ಎಂದು ಗಂಡ ಹಿಂದಿಯಲ್ಲಿ ಹೇಳಿದ. ಡಾಕ್ಟರು ಬರೆದುಕೊಂಡರು. ಬದುಕು ಬೇಡ ಅನಿಸುತ್ತದೆಯೇ ಎಂದು ಕೇಳಿದರು. ಈ ಪ್ರಶ್ನೆಯನ್ನು ಗಂಡ ಅವಳಿಗೆ ತಲುಪಿಸಲೇ ಇಲ್ಲ, ಊಟ ಸೇರತದೇನು ಎಂದು ಕೇಳಿದ. ಆದರೆ ಅವಳಿಗೆ ಅಷ್ಟು ಹಿಂದಿ ತಿಳಿಯುತ್ತಿತ್ತು.

"ಜೀವಾನ ಬ್ಯಾಡಾಗ್ಯಾದ," ಎಂದಳು. "ಎರಡು ಸಲ ರೈಲ್ವೆ ಹಳಿ ತನಕ ಹೋಗಿ ಬಂದೀನಿ."

"ಪೇಟ್ ಮೇ ಗ್ಯಾಸ್ ಹೈ ಸಾಬ್," ಎಂದ ಅಣವೀರಪ್ಪ.

ನನ್ನ ಮೈ ಉರಿದುಹೋಯಿತು. ಕೆಲಸ ಹೋದರೆ ಹೋಗಲಿ ಎಂದು ಒಳಗೆ ನುಗ್ಗಿ, ಅವಳು ಹೇಳಿದ್ದನ್ನೆಲ್ಲ ಮರಾಠಿಯಲ್ಲಿ ಡಾಕ್ಟರಿಗೆ ಹೇಳಿದೆ. ಆಮೇಲೆ ಗಂಡನ ಕಡೆ ತಿರುಗಿದೆ.

"ಅಕೀ ಸಾಯ್ತೀನಿ ಅಂದ್ರ ನೀ ಗ್ಯಾಸ್ ಅಂತೀಯಲ್ಲೋ. ಯಾವ ಬಾಯಿಲೆ ಹೇಳ್ತೀ?"

ಅವನು ತಿರುಗಿ ಜಗಳವಾಡುತ್ತಾನೆಂದುಕೊಂಡಿದ್ದೆ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಸಾಯ್ತೀನಿ ಅಂದವ್ರನ್ನ ಪೊಲೀಸರು ಒಯ್ತಾರಂತ್ರೀ ಅಕ್ಕಾರ. ಇಲ್ಲಾಂದ್ರ ಹುಚ್ಚರ ಆಸ್ಪತ್ರಿಗಿ ಹಾಕಿಬಿಡ್ತಾರ. ನಂಗ ಅಕೀ ಬೇಕ್ರೀ."

ಸಾಯಲು ಹೋಗಿ ಬದುಕಿ ಉಳಿದವರ ಮೇಲೆ ಕೇಸು ಹಾಕುವ ಕಾನೂನು ನಿಜಕ್ಕೂ ಇತ್ತು. ನೋವು ತಾಳಲಾರದವರನ್ನು ಕೋರ್ಟಿಗೆ ಎಳೆಯುವ ಕಾನೂನು ಬರೆದವರು ಯಾರೋ, ಅವರ ಮನೆಯಲ್ಲಿ ಯಾರಿಗೂ ಇಂಥ ಕಾಯಿಲೆ ಬಂದಿರಲಿಲ್ಲವೋ ಏನೋ! ಅದರ ಭಯಕ್ಕೆ ಈ ಬಡಪಾಯಿ ತಿಂಗಳುಗಟ್ಟಲೆ ಹೆಂಡತಿಯ ಬಾಯಿಯನ್ನು ಮುಚ್ಚಿಟ್ಟಿದ್ದ. ನನ್ನ ಸಿಟ್ಟು ಅವನನ್ನು ಬಿಟ್ಟು ಆ ಕಾನೂನಿನ ಕಡೆ ಹೋಯಿತು. ಅವನ ಭಯವನ್ನೂ ಡಾಕ್ಟರಿಗೆ ಮರಾಠಿಯಲ್ಲಿ ಹೇಳಿದೆ.

ಡಾಕ್ಟರು ಮೊದಲ ಬಾರಿಗೆ ಶರಣವ್ವನ ಮುಖ ನೋಡಿದರು. ಡಾಕ್ಟರ ಮುಂದೆ ಆಡಿದ ಮಾತಿಗೆ ಪೊಲೀಸರು ಬರುವುದಿಲ್ಲ, ಇದು ಹುಚ್ಚಲ್ಲ, ಸೋಮಾರಿತನವೂ ಅಲ್ಲ, ಕಾಯಿಲೆ, ಮದ್ದು ಇದೆ ಎಂದರು. ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳಿದೆ. ಮಾತ್ರೆ ಶುರುವಾದ ಕೂಡಲೇ ಬಾಯಿ ಒಣಗುತ್ತದೆ, ಮನಸ್ಸು ತಿಳಿಯಾಗಲು ಎರಡು ಮೂರು ವಾರವಾದರೂ ಬೇಕು, ನಡುವೆ ಬಿಡಬಾರದು. ಮಾತ್ರೆಗಳು ಗಂಡನ ಕೈಯಲ್ಲೇ ಇರಬೇಕು, ಅವಳನ್ನು ಒಬ್ಬಳನ್ನೇ ಬಿಡಬಾರದು, ವಾರಕ್ಕೊಮ್ಮೆ ಬರಬೇಕು. ಪಕ್ಕದ ಮನೆಯ ಹಜರತಬಿಯನ್ನು ಹಗಲು ಜೊತೆಗೆ ಕೂರಿಸುತ್ತೇನೆ ಎಂದು ಅಣವೀರಪ್ಪ ಒಪ್ಪಿದ.

ಎಂಟನೆಯ ದಿನ ಅವನು ಮುಖ ಗಂಟು ಹಾಕಿಕೊಂಡು ಬಂದ. ಬಾಯಿ ಒಣಗಿದ್ದಷ್ಟೇ ಬಂತು, ಗುಣ ಏನೂ ಕಾಣಲಿಲ್ಲ, ನಿಲ್ಲಿಸಿಬಿಡುತ್ತೇನೆ ಎಂದ. ನೀನು ಸ್ಲ್ಯಾಬಿಗೆ ಕಾಂಕ್ರೀಟ್ ಸುರಿದ ಮರುದಿನವೇ ಕೆಳಗೆ ಆನಿಸಿದ ಹಲಗೆ ತೆಗೀತೀಯಾ ಎಂದು ಕೇಳಿದೆ. ಅವನು ಮಾತ್ರೆ ತೆಗೆದುಕೊಂಡು ಹೋದ. ಆಮೇಲೆ ಒಂದು ವಾರವೂ ತಪ್ಪಿಸಲಿಲ್ಲ. ನಾನೂ ಪ್ರತಿ ವಾರ ಮೇಲೆ ಹೋಗಿ ಶರಣವ್ವ ಮತ್ತು ಡಾಕ್ಟರ ನಡುವೆ ನಿಲ್ಲುತ್ತಿದ್ದೆ. ಹೆಡ್ ಕ್ಲಾರ್ಕ್ ಮೆಮೊ ಕೊಟ್ಟರು, ತೆಗೆದುಕೊಂಡೆ.

ಐದನೆಯ ವಾರ ಶರಣವ್ವ ತಲೆ ಬಾಚಿಕೊಂಡು ಬಂದಿದ್ದಳು. ನನಗೆ ಹಿಗ್ಗೋ ಹಿಗ್ಗು. ಹೇಗಿದ್ದಾಳೆ ಎಂದು ಡಾಕ್ಟರು ಕೇಳುವುದೇ ತಡ, ಅವಳನ್ನು ಕೇಳುವ ಗೋಜಿಗೇ ಹೋಗದೆ ನಾನು ಮರಾಠಿಯಲ್ಲಿ ಶುರುಮಾಡಿದೆ. ಪೂರ್ತಿ ಆರಾಮಾಗಿದ್ದಾಳೆ, ಮಾತ್ರೆ ಚೆನ್ನಾಗಿ ಹಿಡಿದಿದೆ, ನಿದ್ದೆ ಬರುತ್ತದೆ.

ಆರಾಮ ಎಂಬ ಮಾತು ಕಿವಿಗೆ ಬಿದ್ದದ್ದೇ ಶರಣವ್ವ ನನ್ನ ಸೆರಗು ಹಿಡಿದು ಎಳೆದಳು.

"ಅಕ್ಕಾರ, ಪೂರಾ ಆರಾಮ ಅಂತ ನಾ ಯಾವಾಗ ಅಂದೆ? ಅವ ಗ್ಯಾಸ್ ಅಂದ, ನೀವು ಆರಾಮ ಅಂತೀರಿ. ನನ್ನ ಯಾರೂ ಕೇಳಂಗಿಲ್ಲೇನು?"

ಅವಳ ದನಿಯಲ್ಲಿ ಅಷ್ಟು ಸಿಟ್ಟನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಡಾಕ್ಟರಿಗೆ ನಡೆದದ್ದನ್ನು ಹೇಳಿ, ತಪ್ಪು ನನ್ನದೆಂದೂ ಹೇಳಿ, ಅವಳ ಪಕ್ಕದಲ್ಲಿ ಕೂತು ಅವಳನ್ನೇ ಕೇಳಿದೆ. ಅವಳು ನಿಧಾನಕ್ಕೆ ಹೇಳಿದಳು. ನಸುಕಿಗೆ ಇನ್ನೂ ಎಚ್ಚರವಾಗುತ್ತದಂತೆ, ಅಂಜಿಕೆ ಕಡಿಮೆಯಂತೆ. ರೊಟ್ಟಿ ರುಚಿ ಹತ್ತುತ್ತಿದೆಯಂತೆ. ಸೋಮವಾರ ಮತ್ತೆ ಜೀವ ಬೇಡವೆನಿಸಿತ್ತಂತೆ, ಹಜರತಬಿಯ ಕೈ ಹಿಡಿದು ಕೂತಳಂತೆ. ನಾನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳುತ್ತ ಹೋದೆ. ಅಣವೀರಪ್ಪ ಗೋಡೆಗೆ ಒರಗಿ ಕೇಳುತ್ತಿದ್ದ.

ಹೊರಗೆ ಸಾಲು ಬೆಳೆದಿತ್ತು. ಅವಳು ಮಾತು ನಿಲ್ಲಿಸಿದಾಗ ಮುಗಿಯಿತೆಂದುಕೊಂಡು ನಾನು ಎದ್ದೆ.

"ಇನ್ನೂ ಅದ," ಎಂದಳು ಶರಣವ್ವ. "ಕೂಡ್ರಿ."